ಗ್ರಾಹಕ ವಂಚನೆ ಮೊಕದ್ದಮೆಗಳಲ್ಲಿ ಸರ್ಕಾರದ ವ್ಯಾಜ್ಯವೆಚ್ಚದ ವಸೂಲಿ: ಅಮೆರಿಕದ ರಾಜ್ಯಗಳ ಅನುಭವ

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಕೋರ್ಟು ಕಚೇರಿಗಳಿಗೆ ಅಲೆದವರ ಅನುಭವದಿಂದ ಮೂಡಿದ್ದು. ಖಾಸಗಿ ವ್ಯಾಜ್ಯದಲ್ಲಿ ಗೆದ್ದವನ ಈ ಸೋಲನ್ನು ಅವನೊಬ್ಬನೇ ಹೊರುತ್ತಾನೆ. ಗ್ರಾಹಕರನ್ನು ವಂಚಿಸಿದ ವರ್ತಕನ ವಿರುದ್ಧ ಸರ್ಕಾರವೇ ದಾವೆ ಹೂಡಿ ಗೆದ್ದಾಗ ಆ ಹೊರೆ ಬೊಕ್ಕಸದ ಮೇಲೆ, ಎಂದರೆ ತೆರಿಗೆದಾರರ ಮೇಲೆ ಬೀಳುತ್ತದೆ. ವಂಚನೆಗೆ ಒಳಗಾದವರೂ ತೆರಿಗೆದಾರರೇ ಆದುದರಿಂದ ಅವರು ಎರಡು ಸಲ ತೆತ್ತಂತಾಗುತ್ತದೆ: ಒಮ್ಮೆ ವಂಚಕನಿಗೆ, ಮತ್ತೊಮ್ಮೆ ಅವನನ್ನು ಹಿಡಿಯುವ ಖರ್ಚಿಗೆ. ಈ ವೆಚ್ಚವನ್ನು ವಂಚಕನಿಂದಲೇ ವಸೂಲು ಮಾಡಲು ಅಮೆರಿಕದ ರಾಜ್ಯಗಳು ರೂಪಿಸಿಕೊಂಡ ಕ್ರಮವನ್ನೂ ಅದರ ಮಿತಿಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಗ್ಲೆಂಡಿನ ಸಂಪ್ರದಾಯದಲ್ಲಿ ಸೋತ ಪಕ್ಷವು ಗೆದ್ದ ಪಕ್ಷದ ವೆಚ್ಚವನ್ನು ತೆರಬೇಕೆಂಬುದು ಸಾಮಾನ್ಯ ನಿಯಮ. ಅಮೆರಿಕ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಅಲ್ಲಿ ಗೆದ್ದವರಾಗಲಿ ಸೋತವರಾಗಲಿ, ತಮ್ಮ ವಕೀಲರ ಶುಲ್ಕವನ್ನು ತಾವೇ ಭರಿಸಬೇಕು. ‘ಅಮೆರಿಕನ್ ನಿಯಮ’ವೆಂದೇ ಹೆಸರಾದ ಈ ತತ್ತ್ವವನ್ನು ಅಲ್ಲಿನ ಸುಪ್ರೀಂ ಕೋರ್ಟು 1975ರ ಅಲಿಯೆಸ್ಕಾ ಪೈಪ್‌ಲೈನ್ ಪ್ರಕರಣದಲ್ಲಿ ದೃಢಪಡಿಸಿತು. ಸಾರ್ವಜನಿಕ ಹಿತಕ್ಕಾಗಿ ಹೋರಾಡಿದರೆಂಬ ಕಾರಣಕ್ಕೆ ನ್ಯಾಯಾಲಯಗಳು ತಾವಾಗಿಯೇ ಶುಲ್ಕ ಕೊಡಿಸುವಂತಿಲ್ಲ, ಅಂಥ ವಿನಾಯಿತಿ ನೀಡುವುದು ಶಾಸಕಾಂಗದ ಕೆಲಸ ಎಂಬುದು ತೀರ್ಪಿನ ಸಾರ. ಆದ್ದರಿಂದ ಸರ್ಕಾರದ ವ್ಯಾಜ್ಯವೆಚ್ಚದ ಪ್ರಶ್ನೆ ಅಲ್ಲಿ ನ್ಯಾಯಾಧೀಶರ ಔದಾರ್ಯಕ್ಕೆ ಸೇರಿದುದಲ್ಲ. ಅದು ಶಾಸನದ ಪದಗಳಿಗೆ ಕಟ್ಟುಬಿದ್ದ ವಿಷಯ.

ಆ ಪದಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ. ಫೆಡರಲ್ ಟ್ರೇಡ್ ಕಮಿಷನ್ನಿನ 1914ರ ಕಾಯಿದೆಗೆ 1938ರಲ್ಲಿ ಆದ ತಿದ್ದುಪಡಿ ಮೋಸದ ವ್ಯಾಪಾರ ಪದ್ಧತಿಗಳನ್ನು ನೇರವಾಗಿ ನಿಷೇಧಿಸಿತು. ಆ ಮಾದರಿಯನ್ನು ಅನುಸರಿಸಿ 1960 ಮತ್ತು 1970ರ ದಶಕಗಳಲ್ಲಿ ಬಹುತೇಕ ರಾಜ್ಯಗಳು ತಮ್ಮದೇ ಗ್ರಾಹಕ ಸಂರಕ್ಷಣಾ ಕಾಯಿದೆಗಳನ್ನು ತಂದು, ಅವುಗಳ ಜಾರಿಯ ಹೊಣೆಯನ್ನು ರಾಜ್ಯದ ಅಟಾರ್ನಿ ಜನರಲ್‌ಗೆ ವಹಿಸಿದವು. ಅಯೋವಾ ರಾಜ್ಯದ ಕಾಯಿದೆ ಅತ್ಯಂತ ಸ್ಪಷ್ಟವಾದುದು. ನ್ಯಾಯಾಲಯದ ವೆಚ್ಚ, ತನಿಖೆಯ ವೆಚ್ಚ, ಸಮಂಜಸವಾದ ವಕೀಲಿ ಶುಲ್ಕ ಇವು ಮೂರನ್ನೂ ರಾಜ್ಯದ ಪರವಾಗಿ ವಸೂಲು ಮಾಡಲು ಅಟಾರ್ನಿ ಜನರಲ್ ಹಕ್ಕುದಾರರೆಂದು ಅದು ಹೇಳುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ 1967ರ ಕಾಯಿದೆಯೂ ತನಿಖೆ ಮತ್ತು ದಾವೆಗಳ ವೆಚ್ಚವನ್ನು ಹೆಸರಿಸುತ್ತದೆ. ಆದರೆ ಕೊಡಿಸುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ವಾಷಿಂಗ್ಟನ್ ರಾಜ್ಯದ 1961ರ ಕಾಯಿದೆಯಲ್ಲಿ ವೆಚ್ಚ ಸಲ್ಲುವುದು ‘ಗೆದ್ದ ಪಕ್ಷ’ಕ್ಕೆ. ಎಂದರೆ ಸರ್ಕಾರ ಸೋತರೆ ಪ್ರತಿವಾದಿಯ ಖರ್ಚನ್ನು ಸರ್ಕಾರವೇ ತೆರಬೇಕಾಗಿ ಬರಬಹುದು. ಹುರುಳಿಲ್ಲದ ದಾವೆಗಳನ್ನು ತಡೆಯುವ ಕಡಿವಾಣ ಇದರಲ್ಲಿದೆ. ಬಲಿಷ್ಠ ಕಂಪನಿಗಳ ಮೇಲೆ ಕೈಯೆತ್ತಲು ಅಧಿಕಾರಿ ಹಿಂಜರಿಯುವ ಸಂಭವವೂ ಇದೆ.

ಈ ಶಾಸನಗಳಲ್ಲಿ ‘ತನಿಖೆ’ ಎಂಬ ಪದಕ್ಕೆ ವಿಶೇಷ ತೂಕವಿದೆ. ಗ್ರಾಹಕ ವಂಚನೆಯಲ್ಲಿ ಒಬ್ಬೊಬ್ಬರ ನಷ್ಟ ಅಲ್ಪವಾಗಿದ್ದು, ಒಟ್ಟು ನಷ್ಟ ಅಪಾರವಾಗಿರುತ್ತದೆ. ನೂರಾರು ದೂರುಗಳನ್ನು ಹೋಲಿಸುವುದು, ಲೆಕ್ಕಪತ್ರಗಳನ್ನು ಶೋಧಿಸುವುದು, ತಜ್ಞರ ಸಾಕ್ಷ್ಯ ಪಡೆಯುವುದು ಮುಂತಾದ ಶ್ರಮದ ಹೆಚ್ಚಿನ ಭಾಗ ದಾವೆ ಹೂಡುವ ಮೊದಲೇ ನಡೆದಿರುತ್ತದೆ. ಕೇವಲ ನ್ಯಾಯಾಲಯದ ವೆಚ್ಚವನ್ನು ಕೊಡಿಸಿದರೆ ಈ ಭಾಗ ಬೊಕ್ಕಸದ ತಲೆಯ ಮೇಲೆಯೇ ಉಳಿಯುತ್ತದೆ.

ವೆಚ್ಚದ ಗಣನೆಯೂ ಸರಳವಲ್ಲ. ಸಮಂಜಸವಾದ ಗಂಟೆಗಳನ್ನು ಸಮಂಜಸವಾದ ದರದಿಂದ ಗುಣಿಸುವ ಕ್ರಮವನ್ನು ಸುಪ್ರೀಂ ಕೋರ್ಟು 1983ರ ಹೆನ್ಸ್‌ಲಿ ಪ್ರಕರಣದಲ್ಲಿ ವಿವರಿಸಿತು. ಆದರೆ ಸರ್ಕಾರಿ ವಕೀಲರು ಸಂಬಳದಾರರು. ಅವರ ಗಂಟೆಯ ಬೆಲೆ ಸಂಬಳದ ಲೆಕ್ಕವೋ, ಮಾರುಕಟ್ಟೆಯ ದರವೋ? ಲಾಭರಹಿತ ಕಾನೂನು ನೆರವು ಸಂಸ್ಥೆಗಳ ವಕೀಲರಿಗೂ ಮಾರುಕಟ್ಟೆ ದರವೇ ಅನ್ವಯವೆಂದು 1984ರ ಬ್ಲಮ್ ಪ್ರಕರಣದಲ್ಲಿ ತೀರ್ಮಾನವಾಯಿತು. ಅದು ನಾಗರಿಕ ಹಕ್ಕುಗಳ ಶಾಸನಕ್ಕೆ ಸಂಬಂಧಿಸಿದ್ದು. ಅದೇ ತರ್ಕವನ್ನು ಸರ್ಕಾರಕ್ಕೆ ವಿಸ್ತರಿಸಿದರೆ ವಸೂಲಾದ ಹಣ ನಿಜವಾದ ಖರ್ಚನ್ನು ಮೀರಬಹುದು. ಆಗ ಅದು ವೆಚ್ಚದ ಮರುಪಾವತಿಯಾಗಿ ಉಳಿಯದೆ ವರಮಾನದ ಮೂಲವಾಗುತ್ತದೆ.

ವಂಚಕನು ದಿವಾಳಿಯೆಂದು ಘೋಷಿಸಿಕೊಂಡರೆ ಈ ಹಣದ ಗತಿಯೇನು ಎಂಬ ಪ್ರಶ್ನೆಗೆ 1998ರ ಕೋಹೆನ್ ವಿರುದ್ಧ ಡೆ ಲಾ ಕ್ರೂಜ್ ತೀರ್ಪು ಬೆಳಕು ಚೆಲ್ಲುತ್ತದೆ. ನ್ಯೂಜೆರ್ಸಿಯಲ್ಲಿ ಬಾಡಿಗೆದಾರರಿಂದ 31,382.50 ಡಾಲರುಗಳನ್ನು ಹೆಚ್ಚುವರಿಯಾಗಿ ಪಡೆದಿದ್ದ ಮನೆಮಾಲೀಕರೊಬ್ಬರ ಮೇಲೆ, ಆ ರಾಜ್ಯದ ಗ್ರಾಹಕ ವಂಚನಾ ಕಾಯಿದೆಯಂತೆ ಮೂರು ಪಟ್ಟು ಪರಿಹಾರ, ವಕೀಲಿ ಶುಲ್ಕ ಹಾಗೂ ವೆಚ್ಚ ವಿಧಿಸಲಾಗಿತ್ತು. ವಂಚನೆಯಿಂದ ಹುಟ್ಟಿದ ಈ ಇಡೀ ಹೊಣೆ ದಿವಾಳಿತನದಿಂದ ಅಳಿದುಹೋಗದೆಂದು ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಇದು ಖಾಸಗಿ ಬಾಡಿಗೆದಾರರು ನಡೆಸಿದ ಮೊಕದ್ದಮೆಯಾದರೂ, ವ್ಯಾಜ್ಯವೆಚ್ಚ ವಂಚನೆಯಿಂದ ಬೇರ್ಪಡಿಸಬಹುದಾದ ಬಾಬತ್ತಲ್ಲ, ವಂಚನೆಯ ಫಲವೇ ಎಂಬ ವಿಚಾರ ಅದರಲ್ಲಿ ಸ್ಥಿರಪಟ್ಟಿತು.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ವಂಚಕನ ಆಸ್ತಿ ಮಿತವಾಗಿದ್ದಾಗ ಗ್ರಾಹಕರ ಮರುಪಾವತಿ, ಸರ್ಕಾರದ ವೆಚ್ಚ, ದಂಡ ಇವು ಮೂರೂ ಒಂದೇ ಗಂಟಿನಿಂದ ಬರಬೇಕು. ವಸೂಲಾದ ಹಣದ ಮೇಲೆ ಇಲಾಖೆಯ ಆಯವ್ಯಯವೇ ನಿಂತಿದ್ದರೆ, ಹಣವುಳ್ಳವರ ಮೇಲೆ ಬೇಗ ರಾಜಿಯಾಗುವ ಮೊಕದ್ದಮೆಗಳನ್ನೇ ಆರಿಸಿಕೊಳ್ಳುವ ಪ್ರಲೋಭನೆ ಹುಟ್ಟುತ್ತದೆ. ಕ್ಯಾಲಿಫೋರ್ನಿಯಾದ ಮತದಾರರು 2004ರಲ್ಲಿ ಅಂಗೀಕರಿಸಿದ 64ನೆಯ ಪ್ರಸ್ತಾವ ಅನುಚಿತ ಸ್ಪರ್ಧೆಯ ಕಾಯಿದೆಯ ದಂಡದ ಹಣವನ್ನು ಗ್ರಾಹಕ ಸಂರಕ್ಷಣಾ ಕಾಯಿದೆಗಳ ಜಾರಿಗೆ ಮಾತ್ರ ಮೀಸಲಿಟ್ಟಿತು. ಜಾರಿಗೆ ಸ್ಥಿರವಾದ ನೆಲೆ ಇದರಿಂದ ಸಿಕ್ಕಿತು. ದಂಡ ವಿಧಿಸಲು ಕೋರುವವನೇ ಅದರ ಫಲಾನುಭವಿಯಾದನೆಂಬ ಆಕ್ಷೇಪಕ್ಕೂ ಎಡೆಯಾಯಿತು.

ಭಾರತದಲ್ಲಿ ಸ್ಥಿತಿ ತಿರುವುಮುರುವಾಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೆಯ ಕಲಮು ಸೋತವನು ವೆಚ್ಚ ತೆರುವ ಇಂಗ್ಲಿಷ್ ತತ್ತ್ವವನ್ನೇ ಅಂಗೀಕರಿಸಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ 2020ರಲ್ಲಿ ಸ್ಥಾಪಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಆದರೆ ಅಯೋವಾದಲ್ಲಿರುವಂತೆ ತನಿಖೆಯ ವೆಚ್ಚವನ್ನು ಪ್ರತ್ಯೇಕ ಹಕ್ಕಾಗಿ ಹೆಸರಿಸಿದ ಕಲಮು ಆ ಅಧಿನಿಯಮದಲ್ಲಿಲ್ಲ. ದಂಡಕ್ಕೆ ಗರಿಷ್ಠ ಮಿತಿಯಿದೆ, ತನಿಖೆಯ ಖರ್ಚಿಗೆ ಅಂಥ ಮಿತಿಯಿಲ್ಲ. ಆದುದರಿಂದ ಒಂದು ಇನ್ನೊಂದಕ್ಕೆ ಬದಲಿಯಾಗಲಾರದು.

ಅಮೆರಿಕದ ಅನುಭವದಿಂದ ಹೊರಡುವ ಪಾಠ ವೆಚ್ಚ ವಸೂಲಾಗಬೇಕೆಂಬುದಷ್ಟೇ ಅಲ್ಲ, ಯಾವ ಕ್ರಮದಲ್ಲಿ ವಸೂಲಾಗಬೇಕೆಂಬುದೂ ಹೌದು. ಮೊದಲು ವಂಚಿತರ ಹಣ, ಅನಂತರ ರುಜುವಾತಾದ ನಿಜವಾದ ವೆಚ್ಚ, ಕೊನೆಗೆ ದಂಡ: ಈ ಸರಣಿಯನ್ನು ಶಾಸನವೇ ನಿಗದಿಪಡಿಸುವುದು ಉಚಿತ. ಹಾಗಾದಾಗ ಮಾತ್ರ ವಂಚನೆಯ ಖರ್ಚು ವಂಚಕನ ಮೇಲೆಯೇ ಬೀಳುತ್ತದೆ. ವಂಚಿತರ ಪಾಲಿನಿಂದ ಸರ್ಕಾರ ತನ್ನ ಖರ್ಚನ್ನು ಮುರಿದುಕೊಂಡಿತೆಂಬ ಅಪವಾದವೂ ತಪ್ಪುತ್ತದೆ.