ಅಲ್ಪಾವಧಿಯ ಮುಖ್ಯಮಂತ್ರಿಗಳು

ಮಂತ್ರಿಪದವಿ ಬೇಗನೆ ಮುಗಿಯಿತೆಂದರೆ ಅಲ್ಲಿ ಜಗಳವೋ ಸೋಲೋ ಇದ್ದಿರಬೇಕೆಂದು ನೀವು ಊಹಿಸುವುದು ಸಹಜ. ಆದರೆ ಅಂದಿನ ಮೈಸೂರು ರಾಜ್ಯದ ಇಬ್ಬರನ್ನು ನೋಡಿರಿ. ಕಡಿದಾಳ್ ಮಂಜಪ್ಪನವರು 1956ರ ಆಗಸ್ಟ್ 19ರಂದು ಮುಖ್ಯಮಂತ್ರಿಗಳಾದರು. ಅಕ್ಟೋಬರ್ 31ಕ್ಕೆ ಅಧಿಕಾರ ಮುಗಿಯಿತು. ಮರುದಿನ ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಿತು. ಹಳೆಯ ರಾಜ್ಯವೇ ಮುಗಿದ ಮೇಲೆ ಅದರ ಮಂತ್ರಿಮಂಡಲ ಉಳಿಯುವುದೆಲ್ಲಿ?

ಹುನಗುಂದದ ಎಸ್. ಆರ್. ಕಂಠಿಯವರ ಸಂಗತಿ ಬೇರೆ. 1962ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಗೆದ್ದಿತು. ಅದರ ಮುಂದಾಳು ಎಸ್. ನಿಜಲಿಂಗಪ್ಪನವರು ಮಾತ್ರ ಹೊಸದುರ್ಗದಲ್ಲಿ ಸೋತರು. ಅದುವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದ ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಗಳಾದರು. ಅನಂತರ ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಲ್ಲಿ ಆರಿಸಿ ಬಂದರು. ಜೂನ್ ತಿಂಗಳಲ್ಲಿ ಕಂಠಿಯವರು ಸ್ಥಾನ ಬಿಟ್ಟುಕೊಟ್ಟರು. ಕೈಗೆ ಬಂದ ಗದ್ದುಗೆಯನ್ನು ಉಳಿಸಿಕೊಳ್ಳಲು ದಾರಿ ಹುಡುಕುವವರೇ ಹೆಚ್ಚು. ಇಲ್ಲಿ ಭರತನ ನೆನಪಾಗದೆ ಇರದು. ಭರತನಿಗಾದರೋ 14 ವರ್ಷ ದೊರಕಿತ್ತು, ಇವರಿಗೆ ಸುಮಾರು 14 ವಾರ!

ಬಳಿಕ ಅವರು ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ವಿದ್ಯಾಮಂತ್ರಿಗಳಾಗಿ ಕುಳಿತರು. ಬಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾದದ್ದು ಆ ಕಾಲದಲ್ಲಿ, 1963ರಲ್ಲಿ.