ಭದ್ರತೆಯ ಅಂಗಳವನ್ನು ದಾಟಿದವರು

ಮಕ್ಕಳ ಬಾಳು ನಿರಾತಂಕವಾಗಿ ಸಾಗಲೆಂದು ಹಾರೈಸದ ತಾಯಿತಂದೆಗಳಿಲ್ಲ. ಹಿರಿಯರಿಂದ ಬಂದ ಹೊಲ, ತಿಂಗಳ ಪಗಾರದ ನೌಕರಿ, ಕಂಡುಬಲ್ಲ ಬೀಗತನ, ಇವುಗಳಾಚೆಗೆ ಹೆಜ್ಜೆಯಿಡುವುದು ಬೇಡವೆಂದು ಅವರು ಹೇಳುವುದು ಪ್ರೀತಿಯಿಂದಲೇ. ಮಳೆಯನ್ನು ನೆಚ್ಚಿ ಬಾಳುವ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮನೆತನಗಳಿಗೆ ನಷ್ಟವೆಂದರೇನೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ಇದೇ ಸೀಮೆಯ ಹಿರಿಯರ ಚರಿತ್ರೆಯನ್ನು ಅವಲೋಕಿಸಿದರೆ, ನಾವು ಇಂದು ಕೈಮುಗಿಯುವ ಅನೇಕರು ಭದ್ರತೆಯ ಅಂಗಳವನ್ನು ದಾಟಿ ಹೋದವರೆಂಬುದು ಮನದಟ್ಟಾಗುತ್ತದೆ.

ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಶಾಸನವು, ಏಕಾಂತದ ರಾಮಯ್ಯನು ತನ್ನ ನಂಬುಗೆಗಾಗಿ ಸ್ವಂತ ಶಿರವನ್ನೇ ಪಣವಾಗಿಟ್ಟನೆಂದು ಸಾರುತ್ತದೆ. ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಜನಿಸಿದ ಷರೀಫರು, ಬ್ರಾಹ್ಮಣರಾದ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಸ್ವೀಕರಿಸಿದರು. ಗುರುಶಿಷ್ಯರಿಬ್ಬರೂ ತಮ್ಮ ತಮ್ಮ ಜನರ ನಿಂದೆಯನ್ನು ಹೊರಬೇಕಾಯಿತು. ಆದರೂ ಆ ಬಾಂಧವ್ಯ ಕಡಿಯಲಿಲ್ಲ.

ಇವುಗಳಿಗಿಂತಲೂ ನಮ್ಮ ಕುಟುಂಬಗಳಿಗೆ ಹತ್ತಿರವಾದ ನಿದರ್ಶನವು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯದು. 1892ರಲ್ಲಿ ಅಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕ ಜನ್ಮತಃ ಅಂಧ. ಅಣ್ಣನಿಗೂ ದೃಷ್ಟಿ ಇರಲಿಲ್ಲ. ಕಣ್ಣಿಲ್ಲದ ಮಗುವನ್ನು ಮನೆಯಲ್ಲಿಯೇ ಇರಿಸಿಕೊಂಡು ಎರಡು ಹೊತ್ತು ಅನ್ನವಿಕ್ಕುವುದೇ ಸುರಕ್ಷಿತ ಮಾರ್ಗವೆಂದು ಲೋಕವು ತಿಳಿದಿದ್ದ ಕಾಲವದು. ಆದರೆ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಶಿವಯೋಗಿಗಳು ಬಾಲಕರ ಕಂಠಮಾಧುರ್ಯವನ್ನು ಆಲಿಸಿ, ಅವರನ್ನು ಸಂಗೀತವಿದ್ಯೆಗೆ ಅಣಿಗೊಳಿಸಿದರು. ಆ ವಿದ್ಯೆ ಫಲಿಸೀತೆಂಬ ಖಾತ್ರಿಯನ್ನು ಅಂದು ಯಾರೂ ಕೊಡುವಂತಿರಲಿಲ್ಲ. ಮನೆಯವರು ಮಗನನ್ನು ಒಪ್ಪಿಸಿದರು. ಗುರುಗಳು ಹೊಣೆ ಹೊತ್ತರು. ಆ ಬಾಲಕನೇ ಮುಂದೆ ಉತ್ತರಾದಿ, ದಕ್ಷಿಣಾದಿ ಎರಡರಲ್ಲಿಯೂ ಪಾರಂಗತರಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು.

ತಾವು ಹಾಡಿ, ಸನ್ಮಾನ ಪಡೆದು, ಸುಖವಾಗಿರುವುದು ಅವರಿಗೆ ಸುಲಭವಿತ್ತು. ಅವರು ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಸಂಚಾರಿ ಪಾಠಶಾಲೆಯನ್ನು ನಡೆಸಿದರು. ನಾಳಿನ ದಾಸೋಹಕ್ಕೆ ಧಾನ್ಯವೆಲ್ಲಿಯದೆಂಬ ಚಿಂತೆಯನ್ನು ಹೊತ್ತುಕೊಂಡೇ ಊರೂರು ತಿರುಗಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆ ತಿರುಗಾಟದ ಫಲ. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರನ್ನು ಸೋದರಮಾವನು ಇದೇ ಗುರುಗಳ ಮಡಿಲಿಗೆ ಹಾಕಿದನು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರ ಶಿಷ್ಯರ ಹೆಗಲಿಗೆ ಬಂದಿತು. ನಾಟ್ಯಸಂಘದ ಆಟಗಳಿಂದ ಬಂದ ಹಣವನ್ನು ಆಶ್ರಮದ ಮಕ್ಕಳ ಅನ್ನ, ವಿದ್ಯೆಗಳಿಗೆ ವಿನಿಯೋಗಿಸುತ್ತ ಅವರು ಆ ಭಾರವನ್ನು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಹೊತ್ತರು. ಅದೇ ವರ್ಷ ಪದ್ಮಭೂಷಣ ಪ್ರಶಸ್ತಿ ಅವರನ್ನು ಅರಸಿ ಬಂದಿತ್ತು.

ಹಾಗಾದರೆ ಎಲ್ಲ ಸಾಹಸವೂ ಶ್ಲಾಘ್ಯವೇ? ಅಲ್ಲ. ಹೆಂಡತಿಮಕ್ಕಳನ್ನು ಒಂದು ಮಾತೂ ಕೇಳದೆ ಹೊಲ ಒತ್ತೆಯಿಟ್ಟು, ಬಲ್ಲದ ವ್ಯಾಪಾರಕ್ಕೆ ಸುರಿಯುವವನೂ ತನ್ನನ್ನು ಧೈರ್ಯಶಾಲಿಯೆಂದೇ ತಿಳಿದಿರುತ್ತಾನೆ. ರಾಮಯ್ಯನು ಪಣವಿಟ್ಟದ್ದು ತನ್ನ ತಲೆಯನ್ನು. ಇವನು ಪಣವಿಡುವುದು ಮನೆಮಂದಿಯ ತುತ್ತನ್ನು. ಮೊದಲನೆಯದು ಸಾಹಸ, ಎರಡನೆಯದು ಜೂಜು. ಇನ್ನೊಂದು ಮಾತನ್ನೂ ನಾವು ಮರೆಯಬಾರದು. ಗದಿಗೆಯ್ಯನು ಒಬ್ಬಂಟಿಗನಾಗಿ ಹೊರಟವನಲ್ಲ; ಅವನ ಬೆನ್ನಿಗೆ ಗುರುವಿದ್ದನು, ವರ್ಷಗಟ್ಟಲೆಯ ಅಭ್ಯಾಸವಿತ್ತು. ಸವಣೂರಿನ ಎಲೆದೋಟಗಳನ್ನು ನೋಡಿದವರು ಬಲ್ಲರು: ವೀಳ್ಯದ ಬಳ್ಳಿ ಎತ್ತರಕ್ಕೆ ಏರುವುದು ಆಸರೆಯ ಗಿಡವಿದ್ದಾಗ ಮಾತ್ರ. ನೆಲದ ಮೇಲೆಯೇ ಬಿಟ್ಟ ಬಳ್ಳಿ ಬೀಳಲಾರದು, ನಿಜ, ಏಳಲೂ ಆರದು.

ಆದುದರಿಂದ ಮಗನು ಅಪರಿಚಿತವಾದ ಕಸುಬನ್ನು, ಮಗಳು ದೂರದ ಊರಿನ ಓದನ್ನು ಬಯಸಿ ಎದುರು ನಿಂತಾಗ, 'ಬೇಡ' ಎನ್ನುವ ಮೊದಲು ನಾವು ಮೂರು ಪ್ರಶ್ನೆಗಳನ್ನು ಕೇಳೋಣ. ಪಣಕ್ಕಿಡುವುದು ಅವರ ಸ್ವಂತ ಶ್ರಮವೇ, ಇತರರ ಅನ್ನವೇ? ಅದಕ್ಕೆ ತಕ್ಕ ಅಭ್ಯಾಸ ನಡೆದಿದೆಯೇ? ಒಂದು ವೇಳೆ ಸೋತರೆ, ಮನೆಯ ಬಾಗಿಲು ತೆರೆದಿರುವುದೇ? ಮೊದಲೆರಡಕ್ಕೆ ಮಕ್ಕಳು ಉತ್ತರಿಸಬೇಕು. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ನಾವೇ.