ಪ್ಯಾರಿಸ್ ಚೌಕದಲ್ಲಿ ಈಜಿಪ್ಟಿನ ಕಂಬ ಯಾಕೆ?

ಸೇನ್ ನದಿ ದಡದ ಈ ಚೌಕದ ಹೆಸರು ಪ್ಲಾಸ್ ದ ಲಾ ಕಾಂಕಾರ್ಡ್. 1763ರಲ್ಲಿ ಇಲ್ಲಿದ್ದದ್ದು ಕುದುರೆ ಏರಿದ ದೊರೆ ಹದಿನೈದನೇ ಲೂಯಿಯ ಪ್ರತಿಮೆ. 1792ರಲ್ಲಿ ಫ್ರೆಂಚ್ ಕ್ರಾಂತಿಯ ಜನ ಅದನ್ನು ಉರುಳಿಸಿದರು. ಮರುವರ್ಷ ಇಲ್ಲೇ ತಲೆ ಕಡಿಯುವ ಯಂತ್ರ ಗಿಲೊಟಿನ್! ಜನವರಿ 21ಕ್ಕೆ ಹದಿನಾರನೇ ಲೂಯಿ, ಅಕ್ಟೋಬರ್ 16ಕ್ಕೆ ರಾಣಿ ಮರಿ ಆಂಟೊನೆಟ್.

ಆಮೇಲೆ ಯಾರ ಪ್ರತಿಮೆ ಇಟ್ಟರೂ ಒಂದಲ್ಲ ಒಂದು ಬಣಕ್ಕೆ ಸಿಟ್ಟು. ದೊರೆ ಲೂಯಿ ಫಿಲಿಪ್ ಜಾಣ. ಯಾರ ಪಕ್ಷವನ್ನೂ ಹಿಡಿಯದ, ಈಜಿಪ್ಟಿನ ಲಕ್ಸರ್ ದೇಗುಲದ ಮುಂದಿದ್ದ 3,000 ವರ್ಷಕ್ಕೂ ಹಳೆಯ ಕಂಬವನ್ನು 1836ರಲ್ಲಿ ಇಲ್ಲಿ ನಿಲ್ಲಿಸಿದ. ತೂಕ 200 ಟನ್‌ಗೂ ಹೆಚ್ಚು! ಎತ್ತಿದ್ದು ಹೇಗೆ? ಪೀಠವನ್ನು ಹತ್ತಿರದಿಂದ ನೋಡಿ: ಹಗ್ಗ, ತೊಲೆ, ಯಂತ್ರ ಎಲ್ಲವನ್ನೂ ಚಿನ್ನದ ಗೆರೆಗಳಲ್ಲಿ ಕೊರೆದಿದ್ದಾರೆ.

ಇದರ ಜೋಡಿ ಕಂಬ ಇವತ್ತಿಗೂ ಲಕ್ಸರ್‌ನಲ್ಲೇ ಇದೆ. ಪ್ಯಾರಿಸ್‌ಗೆ ಬಂದ ಕಂಬಕ್ಕೆ ಬದಲಾಗಿ ಫ್ರಾನ್ಸ್ ಕೈರೋಗೆ ಕಳಿಸಿದ ಗಡಿಯಾರ ಮಾತ್ರ ದಶಕಗಟ್ಟಲೆ ಕೆಟ್ಟು ಕೂತಿತ್ತು!